ಗಾಣವಲ್ಲ, ಘಾನಾ!

ಟ್ರಾವೆಲ್ ಆಫೀಸಿನಲ್ಲಿ ಕೂತವರನ್ನು ನಗಿಸುವ ಸಂಗತಿಗಳು ಹುಡುಕಿಕೊಂಡು ಬರುತ್ತವೆ. ಟೋಕನ್ ಕೂಡ ತೆಗೆದುಕೊಳ್ಳುವುದಿಲ್ಲ. ಕುವೈತಿನ ಮಿರ್ಕಾಬಿನಲ್ಲಿ ಹದಿನಾಲ್ಕು ವರ್ಷದಿಂದ ಟಿಕೆಟ್ ಮಾಡುತ್ತಿರುವ ನನಗೆ ಅದು ಅಭ್ಯಾಸವಾಗಿತ್ತು. ಆದರೆ ಹೋದ ಈದ್ ರಜೆಗೆ ನಮ್ಮ ಮುದೀರ್ ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಟೂರ್ ಶುರು ಮಾಡಿದಾಗ ಆ ಅಭ್ಯಾಸವೂ ಸಾಲಲಿಲ್ಲ. ಮುದೀರ್ ಅಂದರೆ ನಮ್ಮ ಮ್ಯಾನೇಜರ್, ಈಜಿಪ್ಟಿನವರು.

"ದುಬೈ ಖಲಾಸ್, ಜಾರ್ಜಿಯಾ ಖಲಾಸ್. ಎಲ್ಲರೂ ನೋಡಿಯಾಯಿತು. ಹನ್ನೆರಡು ಜನರನ್ನು ಸೇರಿಸು, ನೀನೇ ಕರೆದುಕೊಂಡು ಹೋಗು" ಎಂದರು.

"ಸೇರದಿದ್ದರೆ?"

"ನಿನ್ನ ಇಕಾಮಾ ಮುಗಿಯುವುದು ಯಾವ ತಿಂಗಳು?" ಎಂದು ಬಹಳ ಪ್ರೀತಿಯಿಂದ ಕೇಳಿದರು.

ಇಲ್ಲಿ ಉಳಿಯುವ ಪರವಾನಗಿಯ ಮಾತು ಬಂದ ಮೇಲೆ ಮಂಗಳೂರಿನ ಬಾಯಿ ಸುಮ್ಮನೆ ಇರುತ್ತದೆಯೇ? ಸಿಕ್ಕಸಿಕ್ಕವರಿಗೆಲ್ಲ ನಾನು ಘಾನಾ ಮಾರತೊಡಗಿದೆ.

೧. ಎಣ್ಣೆ

ಮೊದಲು ಬಂದವರು ಧಾರವಾಡದ ಕಡೆಯ ಗಂಡ ಹೆಂಡತಿ. ಗಂಡ ಕ್ರೇನುಗಳನ್ನು ತಪಾಸಣೆ ಮಾಡುವ ಇಂಜಿನಿಯರ್, ಯಾವ ವಸ್ತು ಕಂಡರೂ ಅದರ ನಟ್ಟು ಬೋಲ್ಟು ನೋಡುವವರು. ಹೆಂಡತಿಯನ್ನು ನಾನು ಮೊದಲ ದಿನದಿಂದಲೇ ಅಕ್ಕ ಎಂದೆ. ಟಿಕೆಟಿನ ಮಾತೆಲ್ಲ ಗಂಡ ಆಡಿದರು. ಅಕ್ಕ ಪರ್ಸನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕೂತಿದ್ದರು. ಕೊನೆಗೆ ತಡೆಯಲಾರದೆ ಬಾಯಿಬಿಟ್ಟರು.

"ಗಾಣಾ ನೋಡಾಕ ವಿಮಾನದಾಗ ಯಾಕ ಹೋಗಬೇಕ್ರೀ ಮೇಡಮ್ಮಾರ? ನಮ್ಮ ತವರಮನಿ ಹಿಂದ ಎರಡು ಗಾಣ ಅದಾವ."

"ಗಾಣ ಅಲ್ಲ ಅಕ್ಕ, ಘಾನಾ. ದೇಶ. ಆನೆಗಳ ಕಾಡು ಉಂಟು, ಜಲಪಾತ ಉಂಟು, ಸಮುದ್ರ ಉಂಟು, ಮರಗಳ ತುದಿಯಲ್ಲಿ ನಡೆಯುವ ತೂಗುಸೇತುವೆ ಉಂಟು" ಎಂದು ನಾನು ಒಂದೇ ಉಸಿರಿಗೆ ಒಪ್ಪಿಸಿದೆ.

ಅಕ್ಕ ಬೆರಳು ಮಡಚಿ ಎಲ್ಲ ಎಣಿಸಿಕೊಂಡರು. "ಅಷ್ಟೆಲ್ಲಾ ಐತಿ ಅಂದ್ರ ಎಣ್ಣೀನೂ ಸಿಗತೈತಿ ಬಿಡ್ರಿ. ಬರೂವಾಗ ಎರಡು ಲೀಟರ್ ತರೋಣು."

೨. ಜಲಪಾತ

ಜಾಹೀರಾತಿಗೆ ಫೋಟೋ ಹುಡುಕುವ ಕೆಲಸವನ್ನು ಮುದೀರ್ ಯಾರಿಗೂ ಬಿಡುವುದಿಲ್ಲ. ಘಾನಾದ ಜಲಪಾತ ಎಂದು ಇಂಟರ್ನೆಟ್ಟಿನಿಂದ ಒಂದು ಚಿತ್ರ ಇಳಿಸಿಕೊಂಡು, ಗೋಡೆಯಷ್ಟು ದೊಡ್ಡದು ಮಾಡಿಸಿ ಬಾಗಿಲಲ್ಲೇ ಹಚ್ಚಿದರು. ಪಾಸ್‌ಪೋರ್ಟ್ ಕೊಡಲು ಬಂದ ಇಂಜಿನಿಯರು ಅದರ ಮುಂದೆ ನಿಂತವರು ಕದಲಲಿಲ್ಲ.

"ಮೇಡಮ್ಮಾರ, ಇದು ನಮ್ಮ ಜೋಗ ಅಲ್ಲೇನ್ರೀ?"

ಹತ್ತಿರ ಹೋಗಿ ನೋಡಿದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಸಾಲಾಗಿ ನಿಂತಿದ್ದಾರೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ದಿನ ಅದರ ಎದುರೇ ಕೂತು ನಾನು ಆಫ್ರಿಕಾ ಮಾರಿದ್ದೆ. ಪಾಸ್‌ಪೋರ್ಟ್ ವಾಪಸ್ ಕೇಳುತ್ತಾರೆ ಎಂದುಕೊಂಡೆ. ಅವರು ಮಾತ್ರ ಖುಷಿಯಲ್ಲಿದ್ದರು.

"ನಾ ಇದನ್ನ ಭಾಳ ಹತ್ತಿರದಿಂದ ನೋಡೀನ್ರೀ. ಏನ್ ಮಳಿ, ಏನ್ ಮಂಜು! ಒಂದ ಛತ್ರಿಯೊಳಗ ಇಬ್ಬರೂ ನಿಂತಿದ್ವಿ."

ಹಿಂದಿನಿಂದ ಅಕ್ಕನ ದನಿ ಬಂತು. "ನಾ ಇನ್ನೂ ಜೋಗ ನೋಡೇ ಇಲ್ಲಲ್ಲ. ಛತ್ರಿಯೊಳಗ ಯಾರಿದ್ರು?"

೩. ಲೆಕ್ಕಾಚಾರ

ಅಂತೂ ಹನ್ನೆರಡು ಜನ ಸೇರಿದರು. ಘಾನಾದಲ್ಲಿ ಮೊದಲು ಹೋದದ್ದು ಕಾಕುಮ್ ಎಂಬ ಕಾಡಿಗೆ. ಅಲ್ಲಿ ದೈತ್ಯ ಮರಗಳ ನಡುವೆ ಹಗ್ಗ, ಹಲಗೆ, ಬಲೆಗಳಿಂದ ಕಟ್ಟಿದ ಏಳು ತೂಗುಸೇತುವೆಗಳಿವೆ. ಕೆಳಗೆ ನೋಡಿದರೆ ನೆಲವೇ ಕಾಣುವುದಿಲ್ಲ, ಬರೀ ಎಲೆ. ಕುವೈತಿನ ಮೈದಾನ್ ಹವಲ್ಲಿಯ ನಾಲ್ಕನೇ ಮಹಡಿಯ ನನ್ನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಾಗಲೇ ನನಗೆ ತಲೆ ಸುತ್ತುತ್ತದೆ. ಆದರೂ ಲೀಡರ್ ಎಂದ ಮೇಲೆ ಮುಂದೆ ಹೋಗಬೇಕಲ್ಲ! ಏಸುವಿನ ಹೆಸರು ಹೇಳಿ ಕಾಲಿಟ್ಟೆ.

ನಡುಮಧ್ಯ ತಲುಪಿದಾಗ ಹಿಂದಿನ ಹೆಜ್ಜೆಗಳ ಸದ್ದು ನಿಂತಿತು. ತಿರುಗಿದರೆ ಇಂಜಿನಿಯರು ಕೂತು ಹಲಗೆಯ ಗಂಟನ್ನು ಪರೀಕ್ಷಿಸುತ್ತಿದ್ದಾರೆ! ಅವರ ಹಿಂದೆ ಗುಂಪೆಲ್ಲ ಸಿಕ್ಕಿಕೊಂಡಿದೆ.

"ಸರ್, ದಮ್ಮಯ್ಯ, ಏಳಿ ಮಾರಾಯ್ರೆ!"

"ತಡೀರಿ ಮೇಡಮ್ಮಾರ. ಒಬ್ಬೊಬ್ಬರಿಗೆ ಎಪ್ಪತ್ತು ಕೇಜಿ ಹಿಡೀರಿ, ಮ್ಯಾಲ ಬ್ಯಾಗು, ಇದಕ್ಕ ಅಲುಗಾಡೋ ಭಾರ ಸೇರಸ್ರಿ..." ಎಂದು ಗಟ್ಟಿಯಾಗಿ ಕೂಡಿಸತೊಡಗಿದರು. ಹಿಂದೆ ಒಬ್ಬರು ಅಳಲು ಶುರು ಮಾಡಿದರು. ನಾನು ಎರಡೂ ಕೈಯಲ್ಲಿ ಹಗ್ಗ ತಬ್ಬಿಕೊಂಡೆ.

ಅಕ್ಕ ಹಿಂದಿನಿಂದಲೇ ಕೂಗಿದರು. "ಲೆಕ್ಕಾ ಸಾಕು, ನಡೀರಿ! ತಪ್ಪಾದ್ರ ತಿದ್ದಾಕ ನೀವೂ ಇರಂಗಿಲ್ಲ."

೪. ನಗು ಬರದ ಜಾಗ

ಕೇಪ್ ಕೋಸ್ಟಿನ ಕೋಟೆಯಲ್ಲಿ ಮಾತ್ರ ಯಾರೂ ನಗಲಿಲ್ಲ. ಹಡಗು ಹತ್ತಿಸುವ ಮೊದಲು ಗುಲಾಮರನ್ನು ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ ಗೈಡ್ ಒಂದು ನಿಮಿಷ ದೀಪ ಆರಿಸಿದ. ಆ ಕತ್ತಲಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡರು. ನಾವೂ ದುಡಿಯಲು ಸಮುದ್ರ ದಾಟಿದವರೇ. ಆದರೆ ನಮ್ಮ ಕೈಯಲ್ಲಿ ಟಿಕೆಟ್ ಇತ್ತು, ಅದಕ್ಕೆ ರಿಟರ್ನ್ ಕೂಡ ಇತ್ತು. ಹೊರಗೆ ಬಂದ ಮೇಲೆ ಇಂಜಿನಿಯರು ಗೋಡೆಯ ದಪ್ಪ ಎಷ್ಟೆಂದು ಕೇಳಲಿಲ್ಲ.

೫. ಮೊಸಳೆ

ಕೊನೆಗೆ ಉತ್ತರದ ತುದಿಯಲ್ಲಿರುವ ಪಾಗಾ ಎಂಬ ಊರು. ಅಲ್ಲಿನ ಕೆರೆಯ ಮೊಸಳೆಗಳನ್ನು ಊರವರು ತಮ್ಮ ಹಿರಿಯರೆಂದೇ ನೋಡುತ್ತಾರೆ. ಅವು ಯಾರಿಗೂ ಏನೂ ಮಾಡುವುದಿಲ್ಲವಂತೆ. ಮೊಸಳೆ ದಂಡೆಗೆ ಬಂದಾಗ ಅದರ ಹಿಂದೆ ಕೂತು, ಬೆನ್ನಿನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳಬಹುದು. ಮುದೀರರ ಮೆಸೇಜ್ ಬೆಳಿಗ್ಗೆಯೇ ಬಂದಿತ್ತು: "ಮೊಸಳೆ ಜೊತೆ ನಿನ್ನ ಫೋಟೋ ಬೇಕು. ಯಲ್ಲಾ, ಬೇಗ!"

ಕೆರೆ ಕಾಯುವ ಮುದುಕ ಶಿಳ್ಳೆ ಹಾಕಿದ. ನೀರಿನಿಂದ ಒಂದು ಹಳೆಯ ದೋಣಿಯಂಥ ಮೊಸಳೆ ಎದ್ದು ಬಂತು. ನಾನು ಅದರ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳು ತಾಗಿಸಿ, ಕಣ್ಣು ಮುಚ್ಚಿದೆ. ಮೊಬೈಲು ಇಂಜಿನಿಯರ ಕೈಯಲ್ಲಿತ್ತು.

"ಮೇಡಮ್ಮಾರ, ಮೊಸಳಿ ಸೊಟ್ಟ ಕಾಣತೈತಿ. ತಡೀರಿ, ಲೆವೆಲ್ ಮಾಡ್ತೀನಿ."

"ಸರ್, ಬೇಗ!"

"ಹಂ... ಮೊಸಳಿ ನಗಾಕತ್ತೈತಿ, ನೀವೂ ನಗ್ರಿ."

ಕಣ್ಣು ತೆರೆದೆ. ಮೊಸಳೆ ಬಾಯಿ ಅಷ್ಟಗಲ ತೆರೆದು ನಿಧಾನವಾಗಿ ನನ್ನ ಕಡೆ ತಿರುಗುತ್ತಿತ್ತು. ಏಳೋಣವೆಂದರೆ ಎರಡೂ ಕಾಲು ಜೋಮು ಹಿಡಿದಿವೆ. ಮುದುಕ ಕೂಡ ಗಾಬರಿಯಲ್ಲಿ ತನ್ನ ಭಾಷೆಯಲ್ಲಿ ಏನೋ ಹೇಳುತ್ತ ಓಡಿ ಬಂದ.

ಅವನಿಗಿಂತ ಮೊದಲು ಬಂದದ್ದು ಅಕ್ಕ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾರಿಗಡ್ಡ ಮಲಗಿದ ಎಮ್ಮೆಗೆ ಬಡಿದಂತೆ ಮೊಸಳೆಯ ಬೆನ್ನಿಗೆ ರಪ್ಪನೆ ಒಂದು ಬಡಿದರು. "ಏ, ಸರಿ ಆಕಡೆ!"

ಮೊಸಳೆ ಬಾಯಿ ಮುಚ್ಚಿತು. ಅಕ್ಕನನ್ನು ಒಮ್ಮೆ ನೋಡಿತು. ಆಮೇಲೆ ತೆಪ್ಪಗೆ ಸರಿದು ನೀರಿಗಿಳಿಯಿತು.

ಮುದುಕ ಬೆಪ್ಪಾಗಿ ನಿಂತ. ಗೈಡನ ಮೂಲಕ ನನ್ನನ್ನು ಕೇಳಿದ: "ನಾನು ಹುಟ್ಟಿದ್ದೇ ಈ ಕೆರೆಯ ದಂಡೆಯಲ್ಲಿ. ಯಾರ ಮಾತಿಗೂ ಇದು ಹೀಗೆ ಸರಿದದ್ದು ನೋಡಿಲ್ಲ. ಆ ತಾಯಿ ಹೇಳಿದ್ದು ಯಾವ ಮಂತ್ರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರು ಮೊಬೈಲು ಕಿಸೆಗೆ ಹಾಕಿಕೊಂಡು ಮುಂದೆ ಬಂದರು.

"ಮಂತ್ರ ಗಿಂತ್ರ ಏನಿಲ್ಲ ಅಂತ ಹೇಳ್ರಿ ಅವರಿಗೆ. ಮೂವತ್ತು ವರ್ಷದಿಂದ ನಾನೂ ಇದ ಮಾತಿಗೆ ಹಿಂಗ ಸರಕೋತ ಬಂದೀನಿ."