ನೆಗೆಣ್ಣಿದು ನಾಕು ಗಾಲಿ, ನಂದು ಐದು

ಬರ್ರಿ, ಕಟ್ಟಿ ಮ್ಯಾಲ ಜಾಗಾ ಐತಿ, ಕಾಲು ಚಾಚಿ ಕುಂದರ್ರಿ. ಚಾ ಒಲಿ ಮ್ಯಾಲ ಐತಿ, ಕುದಿಯೋದ್ರೊಳಗ ಹೇಳಿ ಮುಗಸ್ತೇನಿ. ಮುಗೀಲಿಲ್ಲಂದ್ರ ಇನ್ನೊಂದು ಇಡಸೂಣು. ಹೊಟ್ಟಿಕಿಚ್ಚು ನನಗ ಹುಟ್ಟಾ ಬಂದದ್ದಲ್ಲ. ನಮ್ಮ ಮೈದುನ ಬೀಳಗಿ ಕಡಿ ಹೆಣ್ಣ ಮದುವಿ ಆದಾ ನೋಡ್ರಿ, ಅವತ್ತು ನನ್ನ ನೆಗೆಣ್ಣಿ ಹೊಸ್ತಲಾ ದಾಟಿ ಒಳಗ ಬಂದ್ಲು, ಅಕಿ ಹಿಂದನ ಅದೂ ಬಂತು. ನಲವತ್ತು ವರ್ಷಾತು, ಇಬ್ರೂ ಹೋಗಿಲ್ಲ. ವರ್ಷಕ್ಕೊಂದಾದ್ರೂ ಇಂಥಾದ್ದು ಆಗೇ ಆಗತೈತಿ. ಹುಲ್ಲು ಗೂಡಿಸೋ ಮಷಿನ್ ಬಂದ ವರ್ಷ ಮಾತ್ರ ಸಾಲಾಗಿ ಆದುವು.

ನನ್ನ ಸೊಂಟದ ಸುದ್ದಿ

ಹಿಪ್ಪರಗಿ ಕಡೆ ನಮ್ಮಿಬ್ರ ಹೊಲಾ ಮಗ್ಗಲಕ್ಕ ಮಗ್ಗಲ, ನಡುವ ಒಂದು ಗಿಡ್ಡ ಬದು. ಇಬ್ರೂ ಕಬ್ಬಿನ ಜೋಡಿ ಒಂದಿಷ್ಟು ಗೋದಿ ಹಾಕತೇವಿ. ದೊಡ್ಡ ಮಷಿನ್ ಬಂದು ಗೋದಿ ಕೊಯ್ದು ಹೋದ್ರ ಹುಲ್ಲು ಹೊಲದ ತುಂಬ ಚೆಲ್ಲಾಪಿಲ್ಲಿ. ಅದನ್ನ ಬಗ್ಗಿ ಬಗ್ಗಿ ಬಳಿದು ಗುಂಪಿ ಹಾಕೋದು ನಮ್ಮ ಪಾಲು.

ಒಂದಿನ ಹಂಗ ಬಗ್ಗಿ ಬಳಿಯಾಕತ್ತೇನಿ, ಬದುವಿನ ಆಚೆ ನೆಗೆಣ್ಣಿ ಮನಿ ಟ್ರ್ಯಾಕ್ಟರ್ ಬಂತು. ಹಿಂದ ನಾಕು ದೊಡ್ಡ ಗಾಲಿ, ಸುತ್ತೆಲ್ಲಾ ತಂತಿ ಹಲ್ಲು, ನವಿಲು ಗರಿ ಬಿಚ್ಚಿದಂಗ. ಗರಗರ ತಿರುಗಿದ್ವು ಅಂದ್ರ ಹುಲ್ಲು ತಾನ ಹೊಳ್ಳಿ ಹೊಳ್ಳಿ ಒಂದು ಸಾಲಿಗೆ ಬಂದು ಬೀಳಾಕತ್ತು. ನೆಗೆಣ್ಣಿ ತಲಿ ಮ್ಯಾಲ ಸೆರಗು ಹೊತ್ಕೊಂಡು ಬದುವಿನ ಮ್ಯಾಲ ನಿಂತಾಳ, ಇಂಜಿನಿಯರ್ ನಿಂತಂಗ.

"ಯಕ್ಕಾ, ನಿಮ್ಮ ಸೊಂಟ ಹೆಂಗೈತ್ರಿ?" ಅಂದ್ಲು.

"ನನ್ನ ಸೊಂಟಕ್ಕೇನಾಗೇತಿ? ಕಬ್ಬಿಣದ್ದೈತಿ!" ಅಂದು ಸೆಟದು ನಿಂತೆ.

ಆಮ್ಯಾಲ ಮೂರು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ಕಬ್ಬಿಣಕ್ಕ ತುಕ್ಕು ಹಿಡದಿತ್ತು.

ಅಂಗಡ್ಯಾಗ ಅಳತಿ

ನಾಕನೇ ದಿನ ಮಗನ್ನ ಕರಕೊಂಡು ಜಮಖಂಡ್ಯಾಗ ಮಷಿನ್ ಮಾರೋ ಅಂಗಡಿಗೆ ಹೋದೆ. ಅಂಗಡಿಯಾಂವ ಛಲೋ ಮನಷ್ಯಾ, ಕುರ್ಚಿ ಹಾಕಿ ಕುಂಡ್ರಿಸಿದ. "ಟ್ರ್ಯಾಕ್ಟರ್ ಎಷ್ಟು ಶಕ್ತಿದೈತ್ರಿ ಅವ್ವಾರ? ಹುಲ್ಲು ಯಾವ್ದು? ಹೊಲಾ ಎಷ್ಟೈತಿ?" ಅಂತ ಒಂದೊಂದ ಕೇಳಾಕತ್ತ.

"ಅದೆಲ್ಲಾ ಬಿಡಪ್ಪಾ. ಐದು ಗಾಲಿದು ಐತೇನು?"

"ಐತ್ರಿ. ಆದ್ರ ನಿಮ್ಮ ಸಣ್ಣ ಟ್ರ್ಯಾಕ್ಟರಿಗೆ, ಅಷ್ಟು ಹೊಲಕ್ಕ ನಾಕು ಸಾಕ್ರಿ."

ನನ್ನ ಮಗ ಅಂವನ ಪರ ತಲಿ ಅಳ್ಳಾಡಿಸಿದ. ನನಗ ಸಿಟ್ಟು ಬಂತು. "ಹೊಲದ ಅಳತಿ ತಗೊಂಡು ಏನ್ ಮಾಡ್ತಿ? ನಮ್ಮ ನೆಗೆಣ್ಣಿ ಮೂಗಿನ ಅಳತಿ ಹೇಳ್ತೇನಿ, ಬರಕೋ!"

ಅಂಗಡಿಯಾಂವ ನಗಲಿಲ್ಲ. ಆಳಿಗೆ ಕೂಗಿ, "ಐದರದ್ದು ತಗಿಯೋ," ಅಂದು ನನ್ನ ಕಡೆ ಹೊಳ್ಳಿದ. "ನೀವು ಖರೆ ಹೇಳಿದ್ರಿ, ಅವ್ವಾರ. ಇಲ್ಲಿ ಬರೋ ಗಿರಾಕ್ಯಾಗ ಅರ್ಧಾ ಮಂದಿ ಇದ ಅಳತಿ ತರತಾರ, ಹೇಳೂದಿಲ್ಲ ಅಷ್ಟ."

ಅಂಗಳದಾಗ ಪೂಜಿ

ಮಷಿನ್ ಮನಿಗೆ ಬಂತು. ಐದೂ ಗಾಲಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲಿ. ಓಣಿಗೆಲ್ಲಾ ಕರದಿದ್ದೆ. ನೆಗೆಣ್ಣಿಗೆ ಎರಡು ಸರ್ತಿ ಕರದಿದ್ದೆ. ಕಾಯಿ ಒಡದು ಮಗನಿಗೆ ಕೂಗಿದೆ, "ಲೇ, ತಿರುಗಿಸಿ ತೋರಸೋ, ಎಲ್ಲಾರೂ ಕಣ್ತುಂಬ ನೋಡ್ಲಿ!"

"ಯವ್ವಾ, ಇಲ್ಲಿ ಬ್ಯಾಡ..." ಅಂದ. ನಾ ಕೇಳಬೇಕಲ್ಲ. ಪಾಪ, ಮಷಿನ್ ಮ್ಯಾಲಕ್ಕೆತ್ತಿ ಟ್ರ್ಯಾಕ್ಟರ್ ಜೋರು ಮಾಡಿದ. ಸಪ್ಪಳ ಬಂತು, ಹೊಗಿ ಬಂತು, ಕಟ್ಟಿ ಮ್ಯಾಲಿನ ಕೋಳಿ ಹಾರಿ ಹೋತು. ಗಾಲಿ ಒಂದೂ ಅಳ್ಳಾಡಲಿಲ್ಲ.

"ಸತ್ತ ಮಷಿನ್ ಕೊಟ್ಟಾನ!" ಅಂತ ಅಲ್ಲೇ ಫೋನ್ ಹಚ್ಚಿಸಿದೆ, ಓಣಿಗೆಲ್ಲಾ ಕೇಳ್ಸಲಿ ಅಂತ ಸ್ಪೀಕರಿಗೆ ಹಾಕಿಸಿದೆ. ಅಂಗಡಿಯಾಂವ ಸಾವಕಾಶ ಹೇಳಿದ, "ಅವ್ವಾರ, ಅವು ನೆಲಾ ಮುಟ್ಟಿ, ಟ್ರ್ಯಾಕ್ಟರ್ ಮುಂದ ಹೋದ್ರ ತಿರುಗತಾವ್ರಿ. ಎತ್ತಿ ಹಿಡದ್ರ ಹೆಂಗ ತಿರುಗಬೇಕು?" ಓಣಿಗೆಲ್ಲಾ ಕೇಳಿಸ್ತು.

ನೆಗೆಣ್ಣಿ ಬಾಯಿಗೆ ಸೆರಗು ಹಿಡಕೊಂಡು ಹತ್ತಿರ ಬಂದ್ಲು. "ಮನಸ್ಸಿಗೆ ಹಚ್ಕೋಬ್ಯಾಡ್ರಿ ಯಕ್ಕಾ. ಎತ್ತಿ ಹಿಡದ್ರ ನಮ್ಮವೂ ನಾಕು ನಿಂದರತಾವ. ನಿಮ್ಮದು ಒಂದು ಹೆಚ್ಚಿಗಿ ನಿಂತೈತಿ, ಅಷ್ಟ."

ಬದುವಿನ ಆಚೆ

ಈಗ ಖರೆ ಸುದ್ದಿ ಕೇಳ್ರಿ. ಮುಂದಿನ ಗೋದಿ ಕೊಯ್ದ ಮ್ಯಾಲ ನಮ್ಮ ಎರಡು ಎಮ್ಮಿಗೆ ಮಳಿಗಾಲದ ತನಕ ಆ ಹೊಲದ ಹುಲ್ಲ ಬಿಟ್ರ ಬ್ಯಾರೆ ಮೇವಿಲ್ಲ. ಮಳಿ ಹತ್ತಿದ್ರ ಅದು ಕರ್ರಗಾಗತೈತಿ, ಎಮ್ಮಿ ಮೂಸೂದಿಲ್ಲ. ಹುಲ್ಲು ಗೂಡಿಸಾಕ ಹೋದ ದಿನ ಮಧ್ಯಾಹ್ನ ಮೋಡ ಕಟ್ಟಾಕತ್ತು. ಪೆಂಡಿ ಕಟ್ಟೋ ಮಷಿನಿನಾಂವ ತಾಸಿನ್ಯಾಗ ಬರ್ತೇನಿ ಅಂದಿದ್ದ. ನೆಗೆಣ್ಣಿ ತನ್ನ ಪೆಂಡಿ ಕಟ್ಟಿಸಿ ಮನಿಗೆ ಸಾಗಿಸಿ, ಬರಿಗೈಲೆ ಬದುವಿನ ಆಚೆ ನಿಂತಿದ್ಲು.

"ಸಣ್ಣ ಸಣ್ಣ ಸಾಲು ಬ್ಯಾಡೋ," ಅಂತ ಮಗನಿಗೆ ಹೇಳಿದೆ. "ಎಲ್ಲಾ ಹುಲ್ಲು ಬದುವಿನ ಕಡೆ ತಂದು ಒಂದ ಸಾಲು ಮಾಡು. ಗುಡ್ಡದಂಗ ಕಾಣಬೇಕು ಅಕಿಗೆ."

ಆ ಗಾಲಿ ಹುಲ್ಲನ್ನ ಎಡಕ್ಕ ಒಗಿತಾವ. ಮಗ ಬದು ಎಡಕ್ಕ ಬರೋ ಹಂಗ ಹೊಡಕೊಂತ ಹೋದ, ಮಷಿನ್ ಎತ್ಕೊಂಡು ಹೊಳ್ಳಿ ಬಂದ, ಮತ್ತ ಹೊಡದ. ಸುತ್ತು ಸುತ್ತಿಗೆ ಸಾಲು ದಪ್ಪ ಆಗಿ ಬದುವಿನ ಕಡೆ ಸರೀತು. ಆಹಾ! ನಾ ಹುಲ್ಲು ನೋಡಲಿಲ್ಲ, ನೆಗೆಣ್ಣಿ ಮಾರಿ ನೋಡಕೊಂತ ನಿಂತೆ.

"ಯವ್ವಾ, ಸಾಕು. ಇನ್ನೊಂದು ಸುತ್ತು ಹೊಡದ್ರ ಆಚೆ ಹೋಗತೈತಿ."

"ಹೊಡಿಯೋ! ಇನ್ನೂ ಹತ್ತಿರ ಕಾಣ್ಲಿ."

ಹೊಡದ. ನಮ್ಮ ಗುಡ್ಡ ಹಂಗ ಹೊಳ್ಳಿ ಗಿಡ್ಡ ಬದು ದಾಟಿ ನೆಗೆಣ್ಣಿ ಹೊಲದಾಗ ಬಿತ್ತು. ನಮ್ಮ ಹೊಲಾ ಕಸಾ ಹೊಡದ ಅಂಗಳದಂಗ ಸ್ವಚ್ಛ.

"ಯಕ್ಕಾ," ಅಂದ್ಲು ನೆಗೆಣ್ಣಿ, "ನನ್ನ ಹೊಲಕ್ಕ ಉಡಿ ತುಂಬಿದ್ರೇನ್ರಿ?"

ಅದ ಹೊತ್ತಿಗೆ ಪೆಂಡಿ ಮಷಿನಿನಾಂವ ಬಂದ. "ಹುಲ್ಲೆಲ್ಲೈತ್ರಿ?" ಅಂದ. ಗುಡುಗು ಹೊಡೀತು. ನಲವತ್ತು ವರ್ಷದಾಗ ನಾ ಅಕಿ ಮನಿಗೆ ಹೆಪ್ಪಿಗೆ ಒಂದು ಚಮಚಾ ಮೊಸರು ಸೈತ ಕೇಳಾಕ ಹೋದಾಕಿ ಅಲ್ಲ. ಆದ್ರ ಎಮ್ಮಿ ಕಣ್ಮುಂದ ಬಂದ್ವು.

"ತಂಗಿ, ನಿನ್ನ ಹೊಲದಾಗ ಪೆಂಡಿ ಕಟ್ಟಿಸ್ಕೋಲ್ಯಾ?"

"ಏನಂದ್ರಿ? ಗಾಳ್ಯಾಗ ಕೇಳ್ಸಲಿಲ್ಲ."

ಇನ್ನೊಮ್ಮಿ ಹೇಳಿದೆ. ಕೇಳ್ಸಲಿಲ್ಲಂತ. ಮೂರನೇ ಸರ್ತಿ ಊರಿಗೆ ಕೇಳೋ ಹಂಗ ಒದರಿದೆ. ಆವಾಗ ನಗಕೊಂತ, "ಬಾರಪ್ಪಾ ಒಳಗ, ನಮ್ಮ ಯಕ್ಕನ ಹುಲ್ಲು ಲಗೂನ ಕಟ್ಟು," ಅಂತ ಅಂವಗ ದಾರಿ ತೋರಿಸಿ, ಸೆರಗು ಕಟ್ಟಿ ತಾನೂ ಪೆಂಡಿ ಹೊತ್ತು ನಮ್ಮ ಟ್ರಾಲಿಗೆ ಹಾಕಿದ್ಲು. ಕಡೀ ಪೆಂಡಿ ಮ್ಯಾಲ ತಾಡಪತ್ರಿ ಎಳಿಯೋದಕ್ಕೂ ಮಳಿ ಹೊಡಿಯೋದಕ್ಕೂ ಸರಿ ಹೋತು.

ಟ್ರಾಲಿ ಕೆಳಗ ಇಬ್ರೂ ಕುಂತ್ವಿ. ಅಕಿ ನೆಲಾ ನೋಡಕೊಂತ ಅಂದ್ಲು, "ಯಕ್ಕಾ, ನಿಮ್ಮ ಐದು ಗಾಲಿ ಬಂದಾಗಿಂದ ನನಗ ಅನ್ನ ಸೇರವಲ್ದ್ರಿ. ಆರು ಗಾಲಿದು ಕೊಡಸ್ರಿ ಅಂತ ಮನ್ಯಾಗ ದಿನಾ ಜಗಳಾ ತಗೀತೇನಿ."

ನಲವತ್ತು ವರ್ಷದಾಗ ಅಷ್ಟು ಛಲೋ ಮಾತು ನಾ ಕೇಳಿದ್ದಿಲ್ಲ.

"ಏನಂದಿ ತಂಗಿ?" ಅಂದೆ. "ಮಳ್ಯಾಗ ಕೇಳ್ಸಲಿಲ್ಲ."

ಆಮ್ಯಾಲ ಯಾರ್ಯಾರು ಏನಾದ್ರು

ಎಮ್ಮಿ ಎರಡೂ ಈದು ಮನಿ ತುಂಬ ಹಾಲು. ಮಗ ಈಗ ಊರ ಮಂದಿ ಹೊಲಕ್ಕೆಲ್ಲಾ ಹುಲ್ಲು ಗೂಡಿಸಾಕ ಹೋಗತಾನ, ನನ್ನ ಮಾತ್ರ ಬದುವಿನ ಹತ್ತಿರ ಬಿಡೂದಿಲ್ಲ. ಅಂಗಡಿಯಾಂವ ಮುಧೋಳದಾಗ ಇನ್ನೊಂದು ಅಂಗಡಿ ತಗದಾನ. ನಮ್ಮ ಮೈದುನ ಕಡೀಕೂ ಆರು ಗಾಲಿ ಕೊಡಿಸಲಿಲ್ಲ, ಜಗಳಕ್ಕ ಅಂಜಿ ದಿನಾ ನಮ್ಮ ಮನ್ಯಾಗ ಚಾ ಕುಡೀತಾನ. ನೆಗೆಣ್ಣಿ ಎರಡೂ ಮೊಣಕಾಲು ಆಪರೇಶನ್ ಮಾಡಿಸ್ಕೊಂಡು ಈಗ ಹುಡುಗ್ಯಾರಂಗ ದಡದಡ ನಡೀತಾಳ.

ನನ್ನ ಮೊಣಕಾಲು ಛಲೋ ಅದಾವ, ಒಂದಿನಾನೂ ನೊಂದಿಲ್ಲ. ಆದ್ರೂ ನಾಡಿದ್ದು ಡಾಕ್ಟರ ಕಡೆ ಹೊಂಟೇನಿ.