ಸುಬ್ಬನ ಉಪವಾಸ

ಹೊಸ ಮನೆಗೆ ಬಂದವರನ್ನು ಹೊಂದಿಸಿಕೊಳ್ಳುವುದು ಹೇಗೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೇಳಿಗೆಯಿಂದ ಸಾಗರಕ್ಕೆ ಸೊಸೆಯಾಗಿ ಬಂದವಳು ನಾನು. ಹೊಸದರಲ್ಲಿ ಬೀದಿಯ ಹೆಂಗಸರೆಲ್ಲ ಒಬ್ಬರ ಹಿಂದೊಬ್ಬರು ಬಂದು, ನನ್ನ ಜಡೆ ನಿಜವೋ ಚೌರಿಯೋ ಎಂದು ಎಳೆದು ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಆಗ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಹಾಗಾಗಿ, ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದು ಅಲ್ಲಿನ ಓವರ್‌ಸಿಯರ್ ಒಬ್ಬರಿಗೆ ವರ್ಗವಾಗಿ, ಸಾಕಿದ ಕೇರೆಹಾವನ್ನು ಯಾರಿಗೆ ಒಪ್ಪಿಸುವುದೆಂದು ಅವರು ನಮ್ಮ ಅಂಗಡಿಯ ಬೆಂಚಿನ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾಗ, ನನಗೆ ಕೊಡಿ ಎಂದು ಒಳಗಿನಿಂದಲೇ ಹೇಳಿಬಿಟ್ಟೆ. ನಮ್ಮದು ಅಕ್ಕಿ ಅಂಗಡಿ. ಮೂಟೆಗಳ ಸಂದಿಯಲ್ಲಿ ಇಲಿಗಳ ಸಂಸಾರ ನಮ್ಮ ಸಂಸಾರಕ್ಕಿಂತ ದೊಡ್ಡದಾಗಿತ್ತು. ನಮ್ಮನೆಯವರು ಮಾತ್ರ ಇಲಿಗಳೇ ವಾಸಿ ಎಂದು ಗೊಣಗಿದರು.

ಹಾವಿನ ಹೆಸರು ಸುಬ್ಬ. ಗೇಣುದ್ದದ ಮರಿಯಾಗಿದ್ದಾಗ ಸಿಮೆಂಟಿನ ಗೋದಾಮಿನಲ್ಲಿ ಸಿಕ್ಕಿದ್ದಂತೆ. ಈಗ ನನಗಿಂತ ಉದ್ದ. ಜಾಲರಿ ಬಾಗಿಲಿನ ಮರದ ಪೆಟ್ಟಿಗೆಯಲ್ಲಿ ಬಂದ. ಒಳಗೆ ಓವರ್‌ಸಿಯರರ ಹಳೇ ಬನಿಯನ್ ಇತ್ತು, ಗೊತ್ತಿರುವ ವಾಸನೆ ಜೊತೆಗಿದ್ದರೆ ಹೆದರುವುದಿಲ್ಲವಂತೆ. ಮುಟ್ಟಬೇಡಿ, ಕತ್ತಲ ಮೂಲೆಯಲ್ಲಿಡಿ, ನೀರಿಡಿ, ನಾಲ್ಕಾರು ದಿನ ಬಿಟ್ಟು ಒಂದು ಇಲಿ ಬಿಡಿ, ಉಳಿದಂತೆ ಅದರ ಪಾಡಿಗೆ ಬಿಡಿ ಎಂದರು. ಹೊರಡುವಾಗ ಅವರ ದನಿ ಸಣ್ಣಗಾಯಿತು. "ಅಕ್ಕಾ, ಊರು ಬಿಡೋ ಮುಂಚೆ ಒಂದ್ಸಲ ಬಂದು ನೋಡ್ತೀನಿ. ಅಷ್ಟರಲ್ಲಿ ತಿಂದಿಲ್ಲ ಅಂದ್ರೆ ಕಾಡಿಗೆ ಬಿಡಬೇಕಾಗುತ್ತೆ. ಸಾಕಿದ್ದು, ಅಲ್ಲಿ ಬದುಕಲ್ಲ." ಅಷ್ಟು ದೊಡ್ಡ ಆಳು ಕಣ್ಣೊರೆಸಿಕೊಂಡರು. ಸುಬ್ಬನ ಚಿಂತೆ ಇನ್ನು ನನಗಿರಲಿ ಎಂದೆ.

ಆದರೆ ಬಂದವರನ್ನು ಅವರ ಪಾಡಿಗೆ ಬಿಡುವ ಪದ್ಧತಿಯೇ ನಮ್ಮ ಕಡೆ ಇಲ್ಲವಲ್ಲ. ಜಗಲಿಗೆ ಕಾಲಿಟ್ಟವರಿಗೆ ಬೆಲ್ಲ, ನೀರು, ಆಮೇಲೆ ಯೋಗಕ್ಷೇಮ, ಉಣ್ಣದೆ ಎದ್ದರೆ ಅವಮಾನ. ಅತ್ತೆ ಬಟ್ಟಲಲ್ಲಿ ಹಾಲು ತಂದಿಟ್ಟು ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿದರು. ಇದು ಕೇರೆ, ನಾಗಪ್ಪನಲ್ಲ ಎಂದರೆ, ನಾಗಪ್ಪನ ಕಡೆಯವರೇ ತಾನೆ ಎಂದರು. ಅದೇ ಬಾಯಲ್ಲಿ, ಕೇರೆ ದನದ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆಂದು ದನವನ್ನು ಹಿತ್ತಿಲ ಆಚೆ ತುದಿಗೆ ಕಟ್ಟಿಸಿದರು. ಅಕ್ಕಿಗೆ ಬಂದವರೆಲ್ಲ ಬಗ್ಗಿ ನೋಡಿ, ಊಟ ಆಯ್ತಾ ಎಂದು ವಿಚಾರಿಸುವವರೇ. ಹೊಸನಗರದಾಚೆಯ ನಗರವೆಂಬ ಊರಿನ ಗಿರಾಕಿಯೊಬ್ಬರಂತೂ ತಮ್ಮೂರ ಕೋಟೆಯಲ್ಲಿ ಕಂಡ ಹಾವುಗಳ ಕಥೆಯನ್ನೆಲ್ಲ ಸುಬ್ಬನಿಗೇ ಹೇಳಿದರು. ಬನಿಯನ್ನಿನ ಅಡಿಗೆ ತಲೆ ತೂರಿಸಿದ ಸುಬ್ಬ ಅದನ್ನು ಹೊರಗೆ ಹಾಕಲೇ ಇಲ್ಲ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಪೆಟ್ಟಿಗೆಯನ್ನು ಉಗ್ರಾಣಕ್ಕೆ ಸಾಗಿಸಿ ಬಾಗಿಲಲ್ಲಿ ಮಣೆ ಹಾಕಿ ಕೂತೆ. ಅಕ್ಕಿ ಆರಿಸಿದ್ದು ಅಲ್ಲೇ, ಹೂ ಕಟ್ಟಿದ್ದು ಅಲ್ಲೇ. ನೋಡಲು ಬಂದವರನ್ನೆಲ್ಲ ಗದರಿಸಿ ಅಟ್ಟಿದೆ. ಅತ್ತೆ ಇಟ್ಟ ಹಾಲನ್ನು ಹಾಳಾಗಬಾರದೆಂದು ನಾನೇ ಕುಡಿದೆ. ಕಣ್ಣು ತಪ್ಪಿಸಿ ಯಾರಾದರೂ ಒಳಗೆ ನುಗ್ಗಿದ್ದಾರೆಯೇ ಎಂದು ಆಗಾಗ ಎದ್ದು ಬ್ಯಾಟರಿ ಬಿಟ್ಟು ನೋಡಿ, ಯಾರೂ ಬರಲ್ಲ, ನಾನಿದ್ದೀನಿ ಎಂದು ಸುಬ್ಬನಿಗೆ ಧೈರ್ಯ ಹೇಳುತ್ತಿದ್ದೆ. ಬೋನಿನಿಂದ ತಂದು ಬಿಟ್ಟ ಇಲಿ ಮೊದಲು ಗಡಗಡ ನಡುಗುತ್ತಿತ್ತು. ಕೊನೆಗೆ ಸುಬ್ಬನ ಬೆನ್ನ ಮೇಲೇ ಕೂತು ಮೀಸೆ ತೀಡತೊಡಗಿತು. ಸುಬ್ಬ ಸೊರಗಿ ಮೈ ನೆರಿಗೆಗಟ್ಟಿತು. ಓವರ್‌ಸಿಯರ್ ಬರುವ ದಿನ ಹತ್ತಿರವಾದಂತೆ ನನಗೂ ಅನ್ನ ಸೇರದಾಯಿತು.

ಅಷ್ಟರಲ್ಲಿ ಮೇಳಿಗೆಯಿಂದ ಅಣ್ಣನ ಮಗುವಿನ ನಾಮಕರಣಕ್ಕೆ ಕರೆ ಬಂತು. ಹೋಗದಿದ್ದರೆ ಅತ್ತಿಗೆ ಜನ್ಮವಿಡೀ ಆಡಿಕೊಳ್ಳುವವಳು. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಕದಲಕೂಡದೆಂದು ಹೇಳಿ ಹೊರಟೆ. ಹೊಸನಗರದಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡೋಣವೇ ಅನ್ನಿಸಿತು. ಮೇಳಿಗೆಯಲ್ಲಿ ತೊಟ್ಟಿಲು ತೂಗುತ್ತಿದ್ದರೂ ಕಣ್ಣೆದುರಿಗಿದ್ದದ್ದು ಸುಬ್ಬನೇ.

ಮರಳಿ ಬಂದರೆ ಓವರ್‌ಸಿಯರ್ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ, ಮುಖವೆಲ್ಲ ನಗು. ಅತ್ತೆ ಎಲೆಗೆ ಸುಣ್ಣ ಸವರುತ್ತ ಹೇಳಿದರು: "ನೀನು ಬಸ್ ಹತ್ತಿದ ಮಧ್ಯಾಹ್ನವೇ ತಿಂತು ಮಾರಾಯ್ತಿ. ಮಣೆ ಮೇಲೆ ಕೂರಕ್ಕೆ ನನಗೆ ಸೊಂಟ ಎಲ್ಲಿದೆ? ಉಗ್ರಾಣದ ಬಾಗಿಲು ಹಾಕಿ ಮಲಗಿದ್ದೆ." ಓವರ್‌ಸಿಯರ್ ಮಾತ್ರ, ಅಕ್ಕನಷ್ಟು ಮುತುವರ್ಜಿಯಿಂದ ಯಾರು ನೋಡಿಕೊಳ್ಳುತ್ತಿದ್ದರು ಎಂದು ಹೊಗಳಿ, ನಿಶ್ಚಿಂತೆಯಿಂದ ಊರು ಬಿಟ್ಟರು. ಅಷ್ಟು ದೂರ ಹೋಗುವವರ ಮಾತನ್ನು ತಿದ್ದುವುದು ಬೇಡವೆಂದು ನಾನೂ ಸುಮ್ಮನಾದೆ.

ಸುಬ್ಬ ನಮ್ಮಲ್ಲೇ ಉಳಿದ. ಈಗ ಅವನಿಗೆ ಹಸಿವಾದಂತೆ ಕಂಡಾಗಲೆಲ್ಲ ಅತ್ತೆ, ತವರಿಗೆ ಹೋಗಿ ಎಷ್ಟು ದಿನವಾಯಿತು, ಎರಡು ದಿನ ಇದ್ದು ಬಾ ಎಂದು ಅಕ್ಕರೆಯಿಂದ ಹೇಳುತ್ತಾರೆ. ನಮ್ಮನೆಯವರು ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಬರುತ್ತಾರೆ. ಮೇಳಿಗೆಯಲ್ಲಿ ಅಮ್ಮ, ನಮ್ಮ ಹುಡುಗಿಗೆ ಸಿಕ್ಕಂಥ ಅತ್ತೆಮನೆ ಯಾರಿಗೂ ಸಿಗಲಿಲ್ಲ, ಕೇಳುವ ಮೊದಲೇ ಕಳಿಸಿಕೊಡುತ್ತಾರೆ ಎಂದು ಕೇರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ನಾನು ಹೌದೌದು ಎನ್ನುತ್ತ ಇನ್ನೊಂದು ಕಡುಬು ಹಾಕಿಸಿಕೊಳ್ಳುತ್ತೇನೆ. ಅತ್ತ ಸಾಗರದಲ್ಲಿ ಸುಬ್ಬನೂ ಅದೇ ಹೊತ್ತಿಗೆ ನೆಮ್ಮದಿಯಾಗಿ ಊಟ ಮಾಡುತ್ತಿರುತ್ತಾನೆ.