ಬಾದಾಮಿಯ ಗುಹೆಯಲ್ಲಿ ಅತ್ತೆ ಕಲ್ಲಾದದ್ದು

ನಮ್ಮ ಸೋದರತ್ತೆಗೆ ಜೀವವಿದೆಯೆಂಬುದರಲ್ಲಿ ಇಳಕಲ್ಲಿನ ಯಾರಿಗೂ ಅನುಮಾನವಿರಲಿಲ್ಲ. ಅವಳ ಬಾಯಿಯೇ ಅದಕ್ಕೆ ಸಾಕ್ಷಿ. ನನಗೆ ಮಾತ್ರ ಒಮ್ಮೆ ಅನುಮಾನ ಬಂತು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷ. ಅಪ್ಪ, ಅವ್ವ, ಅತ್ತೆ, ನಾನು ಚಕ್ಕಡಿ ಕಟ್ಟಿಕೊಂಡು ಬಾದಾಮಿಯ ಗುಹೆಗಳನ್ನು ನೋಡಲು ಹೋದೆವು. ಗುಹೆ ಒಂದೇ, ನೋಡುವ ರೀತಿ ತಲೆಗೊಂದು! ಅವ್ವ ಕಂಡ ಮೂರ್ತಿಗೆಲ್ಲ ಕೈಮುಗಿದಳು. ಬುಡದಲ್ಲಿ ಹಲ್ಲು ಕಿಸಿದು ಕುಣಿಯುವ ಕುಳ್ಳರನ್ನೂ ಬಿಡಲಿಲ್ಲ. ಅಪ್ಪ ಕಂಬ ತಟ್ಟಿ, "ಇಷ್ಟ ಕಲ್ಲಿನ್ಯಾಗ ಒಂದ್ ಓಣಿ ಮನಿ ಕಟ್ಟಬಹುದಿತ್ತು" ಎಂದು ನಿಟ್ಟುಸಿರು ಬಿಟ್ಟ. ನಾನೋ, ಗೋಡೆಯ ಹಳೆಯ ಅಕ್ಷರಗಳಲ್ಲಿ ಒಂದೂ ತಿಳಿಯದೆ, ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಮುಲ್ಕಿ ಪಾಸಾದದ್ದು ಮತ್ತೆ ಯಾತಕ್ಕೆ?

ಅತ್ತೆಯ ದನಿ ಮಾತ್ರ ಇಲ್ಲ. ಆಗಲೇ ನಾವು ಹೆದರಬೇಕಿತ್ತು.

"ಅಕ್ಕಾ" ಎಂದು ಅಪ್ಪ ಕೂಗಿದ. ಗುಹೆಯೂ "ಅಕ್ಕಾ" ಎಂದಿತು. ಹುಡುಕುತ್ತ ನಾನು ಒಳಗೆ ಹೋದೆ. ಕಣ್ಣು ಕತ್ತಲೆಗೆ ಹೊಂದಿದಂತೆ ಮುಖಗಳು ಒಂದೊಂದಾಗಿ ಹೊರಬಂದವು. ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಕಂಬದಲ್ಲಿ ಒಬ್ಬಳು ಸೊಂಟ ಬಾಗಿಸಿ, ಒಂದು ಕೈ ಮೇಲೆತ್ತಿ ನಿಂತಿದ್ದಳು. ಕೆಳಗೆ ಹಾಗೆಯೇ ನಿಂತ ಇನ್ನೊಬ್ಬಳು. ಈ ಎರಡನೆಯವಳ ಕುತ್ತಿಗೆಯ ಮೇಲೆ ನೊಣವೊಂದು ಹರಿದಾಡುತ್ತಿತ್ತು. ಅವಳ ರೆಪ್ಪೆ ಆಡಲಿಲ್ಲ. ಉಟ್ಟದ್ದು ನಮ್ಮ ಅತ್ತೆಯ ಸೀರೆ.

ಮುಟ್ಟಿದೆ. ಕೈ ಕಲ್ಲಿನಷ್ಟೇ ತಣ್ಣಗಿತ್ತು.

"ಮುಟ್ಟಬ್ಯಾಡೋ, ಮರತ ಬಿಡ್ತೇನಿ." ತುಟಿ ಅಲುಗದೆ ಮಾತು ಬಂತು.

ಕಲಿತ ವಿದ್ಯೆಯನ್ನೆಲ್ಲ ಅಲ್ಲೇ ಬಿಟ್ಟು ನಾನು ಹೊರಗೋಡಿದೆ!

ಮರಳುವ ದಾರಿಯಲ್ಲೂ ಅತ್ತೆ ಮಾತಾಡಲಿಲ್ಲ. ಆಗಾಗ ಕೈ ಎತ್ತಿ, ಕತ್ತು ಓರೆ ಮಾಡಿ, ಮತ್ತೆ ಕಲ್ಲಾಗುತ್ತಿದ್ದಳು. "ಮೈಯಾಗ ಏನೋ ಹೊಕ್ಕೈತಿ" ಎಂದು ಅವ್ವ ಅವಳ ಹಣೆಗೆ ಬೂದಿ ಹಚ್ಚಿದಳು. ಹುನಗುಂದದಲ್ಲಿ ನಮಗೆ ನೀರು ಕೊಡಲು ಬಂದ ಮುದುಕಿ ಅತ್ತೆಯನ್ನು ನೋಡಿ, ಕೊಡ ಇಳಿಸಿ, ನಮಸ್ಕಾರ ಮಾಡಿ ಹೋದಳು.

ಇಳಕಲ್ ಮುಟ್ಟಿದೆವು. ಅತ್ತೆಯ ಗಂಡ, ನಮ್ಮ ಮಾವ, ಮಗ್ಗದ ಪಕ್ಕ ಕೂತಿದ್ದ. ವರ್ಷಗಟ್ಟಲೆ ಸೀರೆ ನೇಯ್ದ ಅವನಿಗೆ ಈಗ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಅತ್ತೆ ಕಾಲು ಸಹ ತೊಳೆಯದೆ ಅವನೆದುರು ಹೋಗಿ, ಸೊಂಟ ಬಾಗಿಸಿ, ಕೈ ಮೇಲೆತ್ತಿ ನಿಂತಳು.

"ನೋಡ್ರಿ" ಎಂದಳು.

ಮಾವ ಎದ್ದು ಅವಳ ಬೆರಳುಗಳಿಂದ ಸುರುಮಾಡಿದ. ಮೊಣಕೈ, ಭುಜ, ಕುತ್ತಿಗೆ. ತುಟಿಯ ಹತ್ತಿರ ಅವನ ಕೈ ನಿಂತಿತು.

"ಇಕಿ ನಗಾಕತ್ತಾಳಲ್ಲ?"

"ಹೂಂನ್ರಿ. ಒಂದೀಟ."

ಮಾವನ ಕೈ ಮತ್ತೆ ಅತ್ತೆಯ ಎತ್ತಿದ ಕೈಗೆ ಹೋಯಿತು.

"ಸಾಕು, ಕೈ ಇಳಸು. ನೋಯ್ತೈತಿ" ಎಂದ ಮಾವ.

"ಇರ್ರಿ," ಎಂದಳು ಅತ್ತೆ, "ಈ ಕಡೆ ಕೈ ನೀವಿನ್ನಾ ನೋಡೇ ಇಲ್ಲ."